ಬ್ರೇಕ್ ಪೈಪಿಗೆ ಸುತ್ತಿದ ಟೇಪು

ಆ ಕಾಲದಲ್ಲಿ ನನ್ನ ಅಂಗಿಯ ಜೇಬಿನಲ್ಲಿ ಸದಾ ಬಿಳಿ ಟೇಪಿನ ಒಂದು ಸುರುಳಿ ಇರುತ್ತಿತ್ತು. ಪೈಪಿನ ಥ್ರೆಡ್ಡಿಗೆ ನಾಲ್ಕು ಸುತ್ತು ಸುತ್ತಿ ಬಿಗಿದೆನೆಂದರೆ ಎಂಥ ಸೋರಿಕೆಯೂ ನಿಲ್ಲಬೇಕು ಎಂಬ ಜಂಬ. ಊರಿನ ಅರ್ಧದಷ್ಟು ಮನೆಗಳ ನಲ್ಲಿಗಳು ನನ್ನ ಕೈಯವೇ. ತಲೆ ತಿರುಗದೆ ಇರುತ್ತದೆಯೇ?

ಗೆಳೆಯ ವೀರಭದ್ರಾಚಾರ್ ಲೇತ್ ಕೆಲಸದವನು. ಅವನ ಹೆಂಡತಿ ಸರ್ವಮಂಗಳಾಳಿಗೆ ಚಿಕ್ಕಂದಿನಿಂದ ಒಂದು ಕಾಲು ಸ್ವಾಧೀನವಿರಲಿಲ್ಲ. ಅವಳನ್ನು ಊರೆಲ್ಲ ಸುತ್ತಿಸಬೇಕೆಂದು ಆಚಾರ್ ಗುಜರಿ ಸಾಮಾನು ಕೂಡಿಸಿ ಎರಡು ವರ್ಷ ಒದ್ದಾಡಿ ತಾನೇ ಒಂದು ಕಾರು ಕಟ್ಟಿದ. ಕೊನೆಗೆ ಬ್ರೇಕ್ ಪೈಪಿನ ಒಂದು ಜೋಡಣೆಯಲ್ಲಿ ಎಣ್ಣೆ ಜಿನುಗತೊಡಗಿತು. ಟೇಪು ಸುತ್ತಿಬಿಡೋಣ ಎಂದೆ. ಅವನು ಒಪ್ಪಲಿಲ್ಲ.

"ಇದು ನಿನ್ನ ನಲ್ಲಿಯಲ್ಲ ಕಣಯ್ಯ. ಇಲ್ಲಿ ಎಣ್ಣೆ ತಡೆಯೋದು ಥ್ರೆಡ್ಡಲ್ಲ, ಪೈಪಿನ ಅರಳಿಸಿದ ಬಾಯಿ. ಅದು ಒಳಗೆ ಸರಿಯಾಗಿ ಕೂತ್ಕೋಬೇಕು."

ಇನ್ನೊಂದು ಸಲ ಬಿಗಿದು, ಅವನು ಊಟಕ್ಕೆ ಎದ್ದು ಹೋದ. ನನಗೋ ಮುಖಕ್ಕೆ ಹೊಡೆದಂತಾಗಿತ್ತು. ಅವನು ಬಿಗಿದದ್ದರಿಂದ ಸೋರಿಕೆ ನಿಂತಿದೆಯೋ ಇಲ್ಲವೋ ಎಂದು ಒರೆಸಿ ನೋಡುವಷ್ಟು ತಾಳ್ಮೆಯೂ ಇಲ್ಲದೆ, ನಟ್ಟು ಬಿಚ್ಚಿ ಟೇಪು ಸುತ್ತಿ ಮತ್ತೆ ಬಿಗಿದುಬಿಟ್ಟೆ. ಅವನು ಬಂದು, ಬ್ರೇಕ್ ಗಟ್ಟಿಯಾಗಿ ಹಿಡಿಯಲೆಂದು, ಪೈಪಿನ ಎಣ್ಣೆಯಲ್ಲಿ ಸೇರಿದ್ದ ಗಾಳಿ ತೆಗೆದ. ಪೆಡಲ್ ತುಳಿದುಕೊಟ್ಟವನು ನಾನೇ. ಜೋಡಣೆ ಒಣಗಿತ್ತು. ತನ್ನ ಬಿಗಿತದಿಂದಲೇ ನಿಂತಿತೆಂದು ಅವನು ನಕ್ಕ. ಆಮೇಲೆ ಹೇಳಿ ಅಣಕಿಸೋಣ ಎಂದು ನಾನೂ ನಕ್ಕೆ.

ಮೂರನೆಯ ದಿನ ಅವನು ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಕೆರೆ ಏರಿಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅವನು ಜೋರಾಗಿ ತುಳಿದಾಗ ಪೆಡಲ್ ಸೀದಾ ನೆಲ ಮುಟ್ಟಿತಂತೆ. ಆ ಜೋಡಣೆಯಿಂದ ಎಣ್ಣೆಯೆಲ್ಲ ಚಿಮ್ಮಿಹೋಗಿತ್ತು. ಕಾರು ಕಲ್ಲುಗೋಡೆಗೆ ಗುದ್ದಿತು. ಸರ್ವಮಂಗಳಾಳ ಗಟ್ಟಿಯಿದ್ದ ಕಾಲು ಎರಡು ಕಡೆ ಮುರಿಯಿತು.

ಥ್ರೆಡ್ಡಿನಲ್ಲಿ ಟೇಪು ತುಂಬಿದ್ದರಿಂದ ಪೈಪಿನ ಬಾಯಿ ಪೂರ್ತಿ ಕೂರುವ ಮೊದಲೇ ನಟ್ಟು ನನ್ನ ಕೈಗೆ ಬಿಗಿ ಎನ್ನಿಸಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ಅದು ನನಗೆ ಹೊಳೆಯಿತು. ಆಚಾರ್ ಮಾತ್ರ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಪೈಪಿನ ಬಾಯಿ ಅರಳಿಸಿದ್ದು ನಾನೇ, ಅವಳ ಕಾಲು ಮುರಿದವನು ನಾನೇ." ಕಾರಿಗೆ ತಾಡಪಾಲು ಹೊದಿಸಿದವನು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಲೇತ್ ನಿಂತೇ ಹೋಯಿತು. ನಾನು ವಾರವಾರವೂ ಮೂಸಂಬಿ ಹಿಡಿದು ಹೋಗಿ, ಆದದ್ದು ಆಯಿತು ಬಿಡು ಎಂದು ಅವನಿಗೇ ಸಮಾಧಾನ ಹೇಳಿ ಬರುತ್ತಿದ್ದೆ. ಥೂ, ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ.

ಹೀಗೆ ಎಂಟು ತಿಂಗಳು. ಒಂದು ದಿನ ಸರ್ವಮಂಗಳಾ ನನ್ನನ್ನು ಹತ್ತಿರ ಕರೆದಳು. ನಾಳೆ ಲೇತ್ ಕೊಳ್ಳುವವರು ಬರುತ್ತಾರೆ ಎಂದಳು. "ಪೈಪಿನ ಕೆಲಸ ಬಲ್ಲವರು ನೀವು. ನಿನ್ನ ಕೈ ತಪ್ಪಲ್ಲ ಅಂತ ನಮ್ಮನೆಯವರಿಗೆ ಒಂದು ಮಾತು ಹೇಳಿ ಅಣ್ಣ. ನೀವು ಹೇಳಿದ್ರೆ ನಂಬ್ತಾರೆ."

ಆಚಾರ್ ಜಗಲಿಯಲ್ಲಿ ಕೂತಿದ್ದ. ಎದುರು ನಿಂತೆ.

"ಟೇಪು ಸುತ್ತಿದ್ದೆ ಕಣೋ, ನೀನು ಊಟಕ್ಕೆ ಹೋದಾಗ."

ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡೆ. ಹಿಡಿಯಲಿ ಎಂದೇ ಬಯಸಿದೆ. ಅವನು ನನ್ನತ್ತ ನೋಡಲೂ ಇಲ್ಲ. ಎದ್ದು ಹೋಗಿ ತಾಡಪಾಲು ಕಿತ್ತೆಸೆದು ಆ ಜೋಡಣೆ ಬಿಚ್ಚಿದ. ಹರಿದ ಬಿಳಿ ಎಳೆಗಳು ಹೊರಬಂದವು. ಪೈಪನ್ನು ಹಿಡಿದು ಹೆಂಡತಿಯ ಬಳಿಗೆ ಓಡಿ ಬಂದ.

"ನೋಡೇ, ಬಾಯಿ ಸರಿಯಾಗೇ ಅರಳಿಸಿದೀನಿ ಕಣೇ," ಎಂದ. ಅಳುತ್ತಿದ್ದ. ಮುಖದ ತುಂಬ ಸಂತೋಷ.

ಸರ್ವಮಂಗಳಾ ನನ್ನ ಕಡೆ ತಿರುಗಿದಳು. "ಎಂಟು ತಿಂಗಳು ಅಣ್ಣ," ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಚಾರ್ ಪೈಪಿನ ಆ ತುದಿಯನ್ನು ಪಂಚೆಯ ಚುಂಗಿನಿಂದ ಒರೆಸುತ್ತಲೇ ಇದ್ದ.