ಓರಗಿತ್ತಿಯ ಮನೆ ಎಪ್ಪತ್ತಕ್ಕೆ ಹೋದಾಗ

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಗಂಡ ಪ್ಲಂಬರ್. ದಿನವಿಡೀ ಕಂಡವರ ಸ್ನಾನದ ಮನೆಗಳಲ್ಲಿ ಮೊಣಕಾಲೂರಿ ಕೂತು ಪೈಪು ಬಿಗಿದು, ಸಂಜೆ ಸ್ಪ್ಯಾನರು ತುಂಬಿದ ಚೀಲ ಹೊತ್ತು ಬಂದರೆ, ಎರಡನೇ ಮಹಡಿಯಲ್ಲೇ ಗೋಡೆ ಹಿಡಿದು ನಿಂತುಬಿಡುತ್ತಿದ್ದ. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. "ಮೆಟ್ಟಿಲು ಬಿಡಿ, ಇಲ್ಲಾಂದ್ರೆ ಕೆಲಸ ಬಿಡಿ. ಎರಡೂ ಇಟ್ಕೊಂಡ್ರೆ ಮಂಡಿ ಉಳಿಯಲ್ಲ" ಅಂದರು.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿಗೆ ಬರುವ ಗಿರಾಕಿಗಳೂ ಏದುಸಿರು ಬಿಡುತ್ತಲೇ ಬರುತ್ತಿದ್ದರು. ಇರುವ ಮನೆ ಮಾರಿ ನೆಲಮಹಡಿಗೆ ಹೋಗುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಎರಡು ಬೀದಿ ಆಚೆ ಒಬ್ಬ ಸಂಗೀತದ ಮೇಷ್ಟ್ರ ಮನೆ ಇತ್ತು. ಚಿಕ್ಕದು, ಆದರೆ ಮುಂದೆ ಪುಟ್ಟ ಅಂಗಳ, ಹೊಲಿಗೆ ಯಂತ್ರ ಹಾಕಲು ಬೆಳಕಿನ ಕೋಣೆ. "ನಿಮಗೆ ಅಂತ ಬೇಸಿಗೆ ಮುಗಿಯೋ ತನಕ ಬೇರೆಯವರಿಗೆ ಕೊಡಲ್ಲ" ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಟೈಲರಮ್ಮನ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ತನ್ನ ಮನೆ ಮಾರಿದಳು. ಇದೇ ಬೀದಿಯ ಮೂಲೆಯ ಕಟ್ಟಡದಲ್ಲಿತ್ತು ಅದು.

ಹೊಸ ಮನೆ ನೋಡಲು ಕರೆದಿದ್ದಳು. ಟೈಲರಮ್ಮ ಹೋದಳು. ಅಡುಗೆಮನೆಯ ಡ್ರಾಯರ್ ಒಂದನ್ನು ಎಳೆದು ಬಿಟ್ಟಳು. ಅದು ಸದ್ದಿಲ್ಲದೆ ತಾನಾಗಿಯೇ ಮುಚ್ಚಿಕೊಂಡಿತು. ಯಾರೂ ನೋಡದಾಗ ಇನ್ನೂ ಎರಡು ಸಲ ಎಳೆದು ಬಿಟ್ಟಳು.

"ಹಳೇ ಮನೆ ಎಷ್ಟಕ್ಕೆ ಹೋಯ್ತಕ್ಕ?" ಎಂದು ಏನೂ ಗೊತ್ತಿಲ್ಲದವಳಂತೆ ಕೇಳಿದಳು.

"ಎಪ್ಪತ್ತು ಲಕ್ಷಕ್ಕೆ ಕಣೇ. ನಿಮ್ಮದೂ ಹೋಗುತ್ತೆ ಬಿಡು. ಸ್ವಲ್ಪ ಕಮ್ಮಿ ಆಗ್ಬಹುದು, ಅಷ್ಟೇ."

ಆ 'ಸ್ವಲ್ಪ ಕಮ್ಮಿ' ಅನ್ನುವ ಮಾತು ಟೈಲರಮ್ಮನ ಹೊಟ್ಟೆಯೊಳಗೆ ಕೆಂಡದಂತೆ ಕೂತಿತು. ಒಂದೇ ಮನೆಗೆ ಸೊಸೆಯರಾಗಿ ಬಂದಾಗಿನಿಂದಲೂ ಹೀಗೆಯೇ. ಅಕ್ಕ ಹೊಸ ಫ್ರಿಜ್ ತಂದರೆ ಇವಳ ಫ್ರಿಜ್ಜಿಗೆ ವಯಸ್ಸಾದಂತೆ ಕಾಣುತ್ತಿತ್ತು. ಅಕ್ಕನ ಮಗಳಿಗೆ ಒಳ್ಳೆ ಮಾರ್ಕ್ಸ್ ಬಂದರೆ ಇವಳ ಮಗಳಿಗೆ ಬೈಗುಳ ಬೀಳುತ್ತಿತ್ತು. ಅಕ್ಕ ಕೆಟ್ಟವಳೇನಲ್ಲ, ಕಾಯಿಲೆ ಕಸಾಲೆ ಅಂದರೆ ಮೊದಲು ಓಡಿ ಬರುವವಳೇ ಅವಳು. ಆದರೂ ಉರಿ ಉರಿಯೇ.

ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ನಮ್ಮದು ಎಪ್ಪತ್ತೊಂದು. ಒಂದು ಕಾಸು ಕಮ್ಮಿಗೂ ಕೊಡಕೂಡದು."

"ಅಷ್ಟು ಬರುತ್ತೇನೇ?" ಗಂಡ ಮಂಡಿಗೆ ಮುಲಾಮು ಹಚ್ಚುತ್ತಾ ಕೇಳಿದ.

"ಅವರಿಗೆ ಬಂದಿಲ್ವಾ? ಅವರ ಮನೆಗೇನು ಕೋಡು ಮೂಡಿದೆಯಾ?"

ಮೊದಲಿಗೆ ಬಂದವರು ಗಂಡ ಹೆಂಡತಿ, ಇಬ್ಬರೂ ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ಮನೆ ಹಿಡಿಸಿತು. ಕಿಟಕಿ ತೆರೆದು ಗಾಳಿ ನೋಡಿದರು, ನಲ್ಲಿ ತಿರುಗಿಸಿ ನೀರಿನ ರಭಸ ಹೊಗಳಿದರು. ಪ್ಲಂಬರನ ಮುಖ ಅರಳಿತು. ಕೊನೆಗೆ ಅರವತ್ತೊಂದಕ್ಕೆ ಕೇಳಿದರು.

"ಈ ಬೀದಿಯಲ್ಲಿ ಎಪ್ಪತ್ತಕ್ಕೆ ಹೋಗಿದೆ" ಅಂದಳು ಟೈಲರಮ್ಮ.

"ಅದು ಈ ತರಹದ ಮನೇನಾ ಅಮ್ಮಾ?" ನರ್ಸಮ್ಮ ಮೆಲ್ಲಗೆ ಕೇಳಿದಳು.

ಮುಖಕ್ಕೆ ಹೊಡೆದಂತಾಯಿತು. ಟೈಲರಮ್ಮ ಎದ್ದು ಬಾಗಿಲು ತೆರೆದು ನಿಂತಳು. ಅವರು ಮೆಟ್ಟಿಲು ಇಳಿದು ಹೋದರು. ಆಮೇಲೆ ಹಿಂದಿನ ಬೀದಿಯಲ್ಲಿ ಮನೆ ಕೊಂಡರಂತೆ ಎಂದು ಸುದ್ದಿ ಬಂತು.

ಅಲ್ಲಿಂದ ಮುಂದೆ ಬಂದವರೆಲ್ಲ ಬೆಲೆ ಕೇಳಿ, ನೀರು ಕುಡಿದು, "ಹೇಳ್ತೀವಿ" ಎಂದು ಹೋದರು. ಕೆಲವು ವಾರಗಳಾದ ಮೇಲೆ ಬರುವವರೂ ನಿಂತರು. ಬಿಸಿಲು ಏರಿತು. ಒಂದು ದಿನ ಗಂಡ ಮೆಟ್ಟಿಲಲ್ಲಿ ಎಡವಿ ಬಿದ್ದ. ಮೂಳೆ ಮುರಿಯಲಿಲ್ಲ, ಆದರೆ ವಾರವಿಡೀ ಕೆಲಸಕ್ಕೆ ಹೋಗಲಾಗಲಿಲ್ಲ. ಅದೇ ಹೊತ್ತಿಗೆ ಬ್ರೋಕರ್ ಒಬ್ಬ ಬಂದು ಕುರ್ಚಿ ಎಳೆದು ಕೂತ.

"ಇಷ್ಟು ದಿನ ಬಿಕರಿ ಆಗದ ಮನೆ ಅಂದ್ರೆ ಜನ ಅನುಮಾನ ಪಡ್ತಾರಮ್ಮ. ಐವತ್ತೆರಡಕ್ಕೆ ನನ್ನ ಪಾರ್ಟಿ ಇದ್ದಾರೆ. ನಾಳೇನೇ ಮುಂಗಡ. ಆಮೇಲೆ ಅದೂ ಸಿಗಲ್ಲ."

ಟೈಲರಮ್ಮ ಹೆದರಿದಳು. ನಿನ್ನೆಯವರೆಗೆ ಎಪ್ಪತ್ತೊಂದು ಎನ್ನುತ್ತಿದ್ದವಳು ಇವತ್ತು ಐವತ್ತೆರಡಕ್ಕೆ ತಲೆಯಾಡಿಸಲು ಸಿದ್ಧಳಾಗಿದ್ದಳು.

ಆ ಮಧ್ಯಾಹ್ನ ಕೋಟಿನ ತೋಳು ಗಿಡ್ಡ ಮಾಡಿಸಲು ಇಂಜಿನಿಯರ್ ಮೇಡಂ ಬಂದರು. ಬ್ಯಾಂಕುಗಳು ಸಾಲ ಕೊಡುವ ಮುಂಚೆ ಮನೆಯ ಬೆಲೆ ಅಂದಾಜು ಮಾಡಿಕೊಡುವುದು ಅವರ ಕೆಲಸ. ಹಳೆಯ ಗಿರಾಕಿ, ಸಲಿಗೆಯೂ ಇತ್ತು. ಟೈಲರಮ್ಮ ಗುಂಡುಸೂಜಿ ಚುಚ್ಚುತ್ತಾ ಚುಚ್ಚುತ್ತಾ ಎಲ್ಲ ಹೇಳಿಕೊಂಡಳು.

"ಎಪ್ಪತ್ತೊಂದು ಅನ್ನೋ ಲೆಕ್ಕ ಎಲ್ಲಿಂದ ಬಂತು?" ಮೇಡಂ ಕೇಳಿದರು.

"ಅಕ್ಕಂದು ಎಪ್ಪತ್ತಕ್ಕೆ ಹೋಯ್ತಲ್ಲ."

"ಅವರ ಮನೆ ನನಗೆ ಗೊತ್ತು. ಮೊದಲನೇ ಮಹಡಿ, ಲಿಫ್ಟ್ ಇದೆ, ಕಾರು ನಿಲ್ಲಿಸೋ ಜಾಗ ಇದೆ, ಒಂದು ಕೋಣೆ ಜಾಸ್ತಿ. ನಿಮ್ಮ ಮನೆಗೆ ಅದನ್ನ ಹೋಲಿಸೋದು ಹೇಗೆ?"

"ಬೀದಿ ಒಂದೇ ಅಲ್ವಾ ಮೇಡಂ?"

"ಬೀದಿ ಒಂದೇ. ಮನೆ ಬೇರೆ. ಸರಿ, ನಿಮ್ಮ ಕೆಳಗಡೆ ಮನೆ ಹೋದ ಚಳಿಗಾಲದಲ್ಲಿ ಮಾರಾಟ ಆಯ್ತಲ್ಲ, ಅದೆಷ್ಟಕ್ಕೆ ಅಂತ ಕೇಳಿದ್ರಾ?"

ಟೈಲರಮ್ಮ ಅದನ್ನು ಕೇಳಿರಲಿಲ್ಲ. ಅದೇ ಅಳತೆಯ ಮನೆ, ತನ್ನ ಕಾಲ ಕೆಳಗೇ ಇತ್ತು. ಆದರೆ ಅವಳ ಕಣ್ಣೆಲ್ಲ ಮೂಲೆಯ ಕಟ್ಟಡದ ಮೇಲೆಯೇ ನೆಟ್ಟಿತ್ತು.

"ಮತ್ತೆ ಜಾಹೀರಾತಲ್ಲಿ ಎಪ್ಪತ್ತೈದು, ಎಂಬತ್ತು ಅಂತೆಲ್ಲ ಹಾಕ್ತಾರಲ್ಲ?" ಅವಳು ಇನ್ನೂ ಬಿಟ್ಟುಕೊಡಲಿಲ್ಲ.

"ಅದು ಕೇಳೋ ಬೆಲೆ. ಕೇಳೋಕೇನು, ಬಾಯಿ ಇದ್ದವರೆಲ್ಲ ಕೇಳಬಹುದು. ನಮಗೆ ಬೇಕಾದ್ದು ಕೊಟ್ಟ ಬೆಲೆ. ಅದೂ ಇತ್ತೀಚಿನದು, ನಮ್ಮ ಮನೆಯಂಥ ಮನೆಯದು."

"ಅದು ನಮ್ಮಂಥೋರಿಗೆ ಹೇಗೆ ಗೊತ್ತಾಗುತ್ತೆ?"

"ಕೇಳಬೇಕು. ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಕಾಗದದಲ್ಲಿ ಕೆಲವರು ಕಮ್ಮಿ ತೋರಿಸಿರ್ತಾರೆ, ಅದಕ್ಕೇ ಅಷ್ಟಕ್ಕೇ ನಿಲ್ಲಿಸಬೇಡಿ. ಮಾರಿದವರನ್ನ, ಕೊಂಡವರನ್ನ ಮಾತಾಡಿಸಿ. ಒಬ್ಬ ಬ್ರೋಕರ್ ಬದಲು ಮೂರು ಜನರನ್ನ ಕೇಳಿ. 'ನನ್ನ ಮನೆಗೆ ಎಷ್ಟು ಬರುತ್ತೆ' ಅಂತ ಅಲ್ಲ. 'ಈಚೆಗೆ ಇಂಥ ಮನೆ ಯಾವ್ಯಾವುದು ಮಾರಿಸಿದ್ರಿ, ಎಷ್ಟಕ್ಕೆ, ಎಷ್ಟು ದಿನ ಹಿಡೀತು' ಅಂತ."

ಮರುದಿನ ಟೈಲರಮ್ಮ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಹೊರಟಳು. ಕೆಳಗಿನ ಮನೆ ಮಾರಿದ ಗಡಿಯಾರ ರಿಪೇರಿಯವರನ್ನು ಹುಡುಕಿಕೊಂಡು ಅವರ ಅಂಗಡಿಗೇ ಹೋದಳು. ಅವರು ಕಣ್ಣಿನ ಭೂತಗನ್ನಡಿ ತೆಗೆದು, "ಅರವತ್ತಕ್ಕೆ ಕೊಟ್ಟೆ ಕಣಮ್ಮ, ಬಣ್ಣ ಕೂಡ ಹೊಡೆಸಿರಲಿಲ್ಲ" ಅಂದರು, ಯಾವ ಮುಚ್ಚುಮರೆಯೂ ಇಲ್ಲದೆ. ಎದುರು ಸಾಲಿನ ಇಂಥದ್ದೇ ಮನೆ ಅರವತ್ಮೂರಕ್ಕೆ ಹೋಗಿತ್ತು. ಲಿಫ್ಟ್ ಇಲ್ಲದ ಇನ್ನೊಂದು ಮೂರನೇ ಮಹಡಿ ಮನೆ ಐವತ್ತೊಂಬತ್ತಕ್ಕೆ ಹೋಗಿತ್ತು, ಆದರೆ ಅದರ ಚಾವಣಿ ಸೋರುತ್ತಿತ್ತು. ನರ್ಸಮ್ಮನವರು ಹಿಂದಿನ ಬೀದಿಯಲ್ಲಿ ಕೊಟ್ಟದ್ದು ಅರವತ್ತೆರಡು.

ಎಲ್ಲೂ ಐವತ್ತೆರಡಿಲ್ಲ. ಎಪ್ಪತ್ತೊಂದೂ ಇಲ್ಲ.

ಸಂಜೆ ಗಂಡನ ಪಕ್ಕ ಕೂತು ಒಂದೊಂದಾಗಿ ಹೇಳಿದಳು. "ಆ ನರ್ಸಮ್ಮ ಸರಿಯಾದ ಬೆಲೇನೇ ಕೇಳಿದ್ದಳು ರೀ. ನಾನೇ ಓಡಿಸಿದೆ" ಅಂದಳು.

"ಹೋಗ್ಲಿ ಬಿಡು" ಅಂದ ಗಂಡ. "ಆ ಬ್ರೋಕರಿಗೆ ಏನು ಹೇಳ್ತೀಯ?"

"ಬರಲಿ. ಅವನ ಪಾರ್ಟಿಗೆ ಐವತ್ತೆರಡಕ್ಕೆ ಈ ಬೀದಿಯಲ್ಲಿ ಇನ್ನೊಂದು ಮನೆ ತೋರಿಸು ಅಂತೀನಿ. ತೋರಿಸಿದ್ರೆ ಅದನ್ನ ನಾವೇ ಕೊಂಡ್ಕೊಳ್ಳೋಣ."

ಗಂಡ ಎಷ್ಟೋ ದಿನಗಳ ಮೇಲೆ ನಕ್ಕ. ಸೋರುವ ನಲ್ಲಿಗಳನ್ನು ಸ್ಟೂಲಿನ ಮೇಲೆ ಕೂತು ಸರಿಮಾಡಿದ. ಬಾಗಿಲಿಗೆ ಬಣ್ಣ ಬಿತ್ತು. ಅರವತ್ನಾಲ್ಕು ಎಂದು ಬೆಲೆ ಹಾಕಿದರು. ಕೇಳಿದವರಿಗೆಲ್ಲ ಟೈಲರಮ್ಮ ನೆರೆಹೊರೆಯ ನಾಲ್ಕೂ ಮಾರಾಟಗಳನ್ನು ಮುಚ್ಚಿಡದೆ ಹೇಳಿದಳು. ಚೌಕಾಸಿಗೆ ನಿಂತವರಿಗೂ ಮಾತು ಮುಂದುವರಿಸುವುದು ಕಷ್ಟವಾಯಿತು. ತಿಂಗಳೊಳಗೆ ಒಬ್ಬ ಶಾಲಾ ಮಾಸ್ತರರು ಅರವತ್ತೆರಡೂವರೆಗೆ ಒಪ್ಪಿಕೊಂಡರು. ಬೇಸಿಗೆ ಮುಗಿಯುವ ಮುಂಚೆಯೇ ಸಂಗೀತದ ಮೇಷ್ಟ್ರ ಮನೆಯ ಕೀಲಿಕೈ ಇವರಿಗೆ ಸಿಕ್ಕಿತು.

ಹೊಸ ಮನೆಗೆ ಹೋದ ವಾರ ಓರಗಿತ್ತಿ ಬಂದಳು. ಅಂಗಳದಲ್ಲಿ ಕೂತು ಕೇಳಿಯೇಬಿಟ್ಟಳು: "ಅಂತೂ ಎಷ್ಟಕ್ಕೆ ಕೊಟ್ರೇ?"

ಎಪ್ಪತ್ತರ ಆಸುಪಾಸು ಎನ್ನುವ ಮಾತು ಟೈಲರಮ್ಮನ ನಾಲಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಹಳೆಯ ಕಟ್ಟಡದ ಮೊದಲನೇ ಮಹಡಿಯವರೂ ಮನೆ ಮಾರಲು ಹೊರಟಿರುವುದು ನೆನಪಾಯಿತು. ಅವರೂ ಬಂದು ಕೇಳುತ್ತಾರೆ. ತಾನು ಸುಳ್ಳು ಹೇಳಿದರೆ ಅದನ್ನೇ ನಂಬಿ ಅವರೂ ತನ್ನಂತೆಯೇ ಕಾದು ಕೂರುತ್ತಾರೆ.

"ಅರವತ್ತೆರಡೂವರೆ ಅಕ್ಕ" ಅಂದಳು.

"ಹೌದಾ?" ಅಕ್ಕ ಅಂಗಳವನ್ನೇ ನೋಡುತ್ತಾ ಕೂತಳು. "ಆದ್ರೂ ಎಂಥಾ ಬಿಸಿಲು ಬರುತ್ತೆ ಕಣೇ ನಿನಗೆ. ನಮ್ಮಲ್ಲಿ ಒಂದು ಟವೆಲ್ ಒಣಗೋದಕ್ಕೂ ಎರಡು ದಿನ ಬೇಕು."

ಆ ದನಿಯೊಳಗಿನ ಸಣ್ಣ ಉರಿ ಟೈಲರಮ್ಮನಿಗೆ ಚೆನ್ನಾಗಿ ಪರಿಚಯವಿದ್ದದ್ದೇ. ಖುಷಿಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಎದ್ದು ಒಳಗೆ ಹೋಗಿ, "ನಿಮ್ಮ ದಪ್ಪ ಹೊದಿಕೆಗಳನ್ನೆಲ್ಲ ಇಲ್ಲೇ ತಂದು ಹಾಕಿ ಅಕ್ಕ, ಹಗ್ಗ ಉದ್ದ ಕಟ್ಟಿಸ್ತೀನಿ" ಎನ್ನುತ್ತಾ ಅವಳಿಗೆ ಟೀ ಇಟ್ಟಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆ ಮಾರುವ ಯೋಚನೆ ನಿಮಗೂ ಇರಬಹುದು. ನಂಟರ ಮನೆ ಎಷ್ಟಕ್ಕೆ ಹೋಯಿತು ಎಂಬ ಹೊಟ್ಟೆಕಿಚ್ಚಿನಿಂದ ಬೆಲೆ ಕಟ್ಟಬೇಡಿ. ಯಾರೋ ಹೆದರಿಸಿದರೆಂದು ಸಿಕ್ಕಷ್ಟಕ್ಕೆ ಕೊಟ್ಟುಬಿಡಬೇಡಿ. ನಿಮ್ಮ ಮನೆಯಂಥ ಮನೆಗಳು, ನಿಮ್ಮ ಬೀದಿಯಲ್ಲಿ, ಈಚಿನ ತಿಂಗಳುಗಳಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂದು ಮೊದಲು ವಿಚಾರಿಸಿ. ಮಹಡಿ, ಲಿಫ್ಟ್, ಅಳತೆ, ಮನೆಯ ಸ್ಥಿತಿ ಎಲ್ಲವನ್ನೂ ತೂಗಿ ನೋಡಿ, ಆಮೇಲೆ ಬೆಲೆ ಹೇಳಿ. ನಿಮ್ಮದು ಮಾರಾಟವಾದ ಮೇಲೆ ಯಾರಾದರೂ ಬಂದು ಕೇಳಿದರೆ, ದಯವಿಟ್ಟು ನಿಜವನ್ನೇ ಹೇಳಿ. ಅವರೂ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತವರೇ ಇರಬಹುದು.