ಪೇತ್ರನ ಅತ್ತೆ

"ಜ್ವರ ಬಿಟ್ಟ ಕೂಡ್ಲೇ ಎದ್ದು ಅಡಿಗಿಮನಿಗೆ ಹೋದಳೇನ ಆಕಿ?" ಬಾಗಿಲ ಚೌಕಟ್ಟಿಗೆ ಆತು ಕೂತಿದ್ದ ದಾವಲಬಿ ಕೇಳಿದಳು. "ಒಂದ ದಿನಾನೂ ಮಲಗಲಿಲ್ಲ?"

ನೀಲಮ ತೊಡೆಯ ಮೇಲಿನ ಸತ್ಯವೇದದಿಂದ ಕಣ್ಣೆತ್ತಲಿಲ್ಲ. ಅವಳು ಓದಿದ್ದು ಕೆಲವೇ ಸಾಲು. ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಳು, ಯೇಸುಸ್ವಾಮಿ ಆ ಮನೆಗೆ ಬಂದು ಅವಳ ಕೈಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು, ಅವಳು ಬಂದವರ ಉಪಚಾರಕ್ಕೆ ನಿಂತಳು.

"ಎದ್ದಳ್ರಿ ಮಾಂಶಿ," ಎಂದಳು ಸಣ್ಣ ದನಿಯಲ್ಲಿ.

"ಬಂದವರು ಎಷ್ಟ ಮಂದಿ?"

"ಅಳಿಯ, ಅಳಿಯನ ತಮ್ಮ, ಮ್ಯಾಲ ಅವರ ಗೆಳ್ಯಾರು," ಎಂದು ಸುಲೋಚನಾ ಟೀಚರು ಬೆರಳು ಮಡಚಿದರು.

"ಅಷ್ಟೂ ಗಂಡಸರ ಕೈಗೆ ಲಕ್ವಾ ಹೊಡದಿತ್ತೇನ? ಒಂದ ಚಾ ಕಾಸಾಕ ಬರೂದಿಲ್ಲ?"

ಚಾಪೆಯ ಮೇಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದಾವಲಬಿ ಪ್ರಾರ್ಥನೆಗೆಂದು ಬಂದವಳಲ್ಲ. ಪಕ್ಕದ ಮನೆಯವಳು, ಮಲಗಿದ್ದ ರಾಹೇಲವ್ವನನ್ನು ಮಾತಾಡಿಸಿ ಹೋಗಲು ಬಂದು, ಕತೆ ಶುರುವಾದದ್ದೇ ಕೂತುಬಿಟ್ಟಿದ್ದಳು.

ಐನಾಪುರದ ಆ ಓಣಿಯಲ್ಲಿ ಗುರುವಾರ ಸಂಜೆಯ ಪ್ರಾರ್ಥನೆ ನಡೆಯುತ್ತಿದ್ದುದು ರಾಹೇಲವ್ವನ ಮನೆಯಲ್ಲೇ. ವಾಕ್ಯ ಓದಿ ಅರ್ಥ ಹೇಳುತ್ತಿದ್ದವಳೂ ಅವಳೇ, ಕೊನೆಗೆ ಎಲ್ಲರಿಗೂ ಚಹಾ ಕೊಡುತ್ತಿದ್ದವಳೂ ಅವಳೇ. ಮಳೆಗಾಲದಲ್ಲಿ ಬಂದ ಚಿಕೂನ್‌ಗುನ್ಯ ಅವಳನ್ನು ಒಳಕೋಣೆಯ ಮಂಚಕ್ಕೆ ಕೆಡವಿತ್ತು. ಜ್ವರವೇನೋ ಎಂದೋ ಬಿಟ್ಟಿತ್ತು, ಬೆರಳ ಗಂಟುಗಳ ಬಾವು ಮಾತ್ರ ಇಳಿದಿರಲಿಲ್ಲ. ಅಂದಿನಿಂದ ಮಗಳು ನೀಲಮ ಅವಳಿಗೆ ಒಂದು ಲೋಟ ಎತ್ತಲೂ ಬಿಟ್ಟಿರಲಿಲ್ಲ. ಅವ್ವ ಅಡಿಗೆಮನೆಯ ಕಡೆ ಹೆಜ್ಜೆ ಹಾಕಿದಾಗೆಲ್ಲ ರಟ್ಟೆ ಹಿಡಿದು ತಂದು ಮಂಚದ ಮೇಲೆ ಕೂರಿಸುತ್ತಿದ್ದಳು. ಮೊದಮೊದಲು ರಾಹೇಲವ್ವ ಜಗಳಾಡಿದಳು. ಆಮೇಲೆ ಸುಮ್ಮನಾದಳು. ಈಗೀಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು; ಹಾಡಿಗೆ ದನಿ ಸೇರಿಸುತ್ತಿರಲಿಲ್ಲ, ಪ್ರಾರ್ಥನೆಗೆ ಬರೀ ಒಂದು ಆಮೆನ್. ಜ್ವರಕ್ಕಿಂತ ಆ ಮೌನವೇ ನೀಲಮಳಿಗೆ ಹೆಚ್ಚು ಭಯ ಹುಟ್ಟಿಸಿತ್ತು.

ಬಿ.ಎ. ಮುಗಿಸಿದ್ದರೂ ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ನಾಲಿಗೆ ಒಣಗುವ ಹುಡುಗಿ ಅವಳು. ಇವತ್ತು ಅರ್ಥ ಹೇಳುವ ಪಾಳಿ ಅವಳ ಮೇಲೆ ಬಿದ್ದಿತ್ತು. ವಾರವೆಲ್ಲ ರೊಟ್ಟಿ ಬಡಿಯುವಾಗ, ಅವ್ವನ ತಲೆ ಬಾಚುವಾಗ ಆ ಸಾಲುಗಳನ್ನೇ ಮನಸ್ಸಿನಲ್ಲಿ ಹೊರಳಿಸಿದ್ದಳು. ಹೊರಳಿಸಿದಷ್ಟೂ ಆ ಅತ್ತೆಯ ಮೇಲೆ ಕನಿಕರ ಉಕ್ಕುತ್ತಿತ್ತು.

"ಹೇಳವಾ ನೀಲೂ," ಎಂದರು ಟೀಚರು. "ನಾವೇನ್ ನಿನ್ನ ನುಂಗೂದಿಲ್ಲ."

"ನನಗ ಏನ್ ಅನಸ್ತೈತಿ ಅಂದ್ರ…" ನೀಲಮ ಚಾಪೆಯ ಅಂಚನ್ನು ಹಿಡಿದುಕೊಂಡಳು. "ಅಲ್ಲಿದ್ದವರು ಆಕಿನ್ನ ಒಂದ ಮಾತ ಕೇಳಬೇಕಾಗಿತ್ರಿ. ಯವ್ವಾ, ನಿನಗ ಆಗ್ತೈತೇನು, ಇನ್ನೊಂದೀಟ ಮಲಗ್ತಿಯೇನು ಅಂತ. ಸ್ವಾಮಿ ಆರಾಮ ಮಾಡಿದ್ರು, ಖರೆ. ಆದ್ರ ಮನಿ ಮಂದಿ ಆಕಿನ್ನ ಕೇಳಲೇ ಇಲ್ಲ."

"ಅಗದಿ ಖರೆ ಮಾತ," ಎಂದಳು ದಾವಲಬಿ. ನೀಲಮಳ ಕಿವಿ ಬಿಸಿಯಾದವು. ತಾನೇ ಇಷ್ಟು ಮಾತಾಡಿದೆನೇ ಎಂದು ಒಳಗೊಳಗೇ ಹಿಗ್ಗಿದಳು.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ನೀಲಮ ಓಡಿದಳು. ರಾಹೇಲವ್ವ ಒಲೆಯೆದುರು ನಿಂತಿದ್ದಳು. ಬಿದ್ದ ಪಾತ್ರೆಯನ್ನು ಎತ್ತಿ, ನೀರು ಹಾಕಿ, ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಒಲೆಯ ಮೇಲಿಡುತ್ತಿದ್ದಳು. ಲೈಟರ್ ಒತ್ತಲು ಹೆಬ್ಬೆರಳು ಬಗ್ಗುತ್ತಿರಲಿಲ್ಲ.

"ಯಾಕ ಎದ್ದಿ ಬೇ? ನಡಿ, ಮಲಕೋ ನಡಿ." ನೀಲಮ ಅವಳ ರಟ್ಟೆ ಹಿಡಿದಳು.

ರಾಹೇಲವ್ವ ಕದಲಲಿಲ್ಲ. "ಆಕಿನ್ನ ಯಾರೂ ಕೇಳಲಿಲ್ಲ ಅಂದಿ. ಚಲೋ ಹೇಳಿದಿ." ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಹಳೆಯ ಖಾರ ಇತ್ತು. "ನೀ ನನ್ನ ಕೇಳಿಯೇನ? ಬಂದವರೆಲ್ಲ ನನ್ನ ನೋಡಿ ಹೋಗಾಕತ್ತಾರ, ಮೂಲ್ಯಾಗಿಟ್ಟ ಸಾಮಾನ ನೋಡಿದಂಗ."

ನೀಲಮ ತನ್ನ ಕೈಯನ್ನೇ ನೋಡಿದಳು. ವಾರವೆಲ್ಲ ಓದಿದ ಸಾಲುಗಳಲ್ಲೂ ಸ್ವಾಮಿಯ ಒಂದು ಕೈ ಇತ್ತು. ಪ್ರತಿ ಸಲವೂ ಅದನ್ನು ದಾಟಿ ಮುಂದಕ್ಕೆ, ಅಡಿಗೆಮನೆಗೆ ಹೋಗಿಬಿಟ್ಟಿದ್ದಳು. ಆ ಕೈ ಎಬ್ಬಿಸಲು ಹಿಡಿದ ಕೈ.

ಅವಳ ಬೆರಳು ಸಡಿಲಾದವು. "ಮತ್ತ… ಏನ್ ಮಾಡಾಕಿ ಬೇ?"

"ಚಾ ಮಾಡಾಕಿ. ಇನ್ನೇನ್ ವಿಮಾನ ಹಾರಸ್ತೀನೇನ? ಲೈಟರ್ ಒಂದ ನೀ ಒತ್ತು. ಉಳಿದದ್ದಕ್ಕ ಅಡ್ಡ ಬರಬ್ಯಾಡ."

ಸಕ್ಕರೆ ಕಟ್ಟೆಯ ಮೇಲೆ ಚೆಲ್ಲಿತು. ಹಾಲು ಉಕ್ಕಿ ಒಲೆಗೆ ಬಿತ್ತು. ಎರಡೂ ಕೈಗಳಲ್ಲಿ ಸೌಟು ಹಿಡಿದು ರಾಹೇಲವ್ವ ಒಂದೊಂದೇ ಕಪ್ಪಿಗೆ ಚಹಾ ಬಿಡುತ್ತಿದ್ದರೆ, ನೀಲಮ ಮುಂದೆ ಚಾಚಲು ಹವಣಿಸುತ್ತಿದ್ದ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅವ್ವನ ಹಣೆಯ ಮೇಲೆ ಬೆವರಿತ್ತು. ತುಟಿ ಅಲುಗುತ್ತಿತ್ತು. ಕಿವಿಗೊಟ್ಟು ಕೇಳಿದರೆ, ಹಾಡು.

ಕಪ್ಪನ್ನು ಎರಡು ಅಂಗೈಗಳ ನಡುವೆ ಹಿಡಿದು ರಾಹೇಲವ್ವ ಬಾಗಿಲಿಗೆ ಬಂದಾಗ ಸುಲೋಚನಾ ಟೀಚರು ಗಾಬರಿಯಿಂದ ಏಳಹೋದರು. ಅವ್ವನ ಹಿಂದಿನಿಂದ ನೀಲಮ ಬೇಡವೆಂದು ತಲೆಯಾಡಿಸಿದಳು. ಟೀಚರು ಮೆಲ್ಲಗೆ ಕೂತರು. ಹೆಂಗಸರು ಒಬ್ಬೊಬ್ಬರಾಗಿ ಮೊಣಕಾಲು ಎಳೆದುಕೊಂಡರು, ಸೆರಗು ಒಟ್ಟುಮಾಡಿಕೊಂಡರು. ಚಾಪೆಯ ನಡುವೆ ಒಂದು ದಾರಿ ಆಯಿತು.