ಎರಡನೇ ಕೋಣೆಯ ಕಾಯಿಗಳು

ನನ್ನ ನಾದಿನಿ ಮೂರು ವರ್ಷ ಜೀವ ತೇಯ್ದು ಬೆಳೆಸಿದ ಗಿಡಗಳು ಕಾಯಿ ಬಿಟ್ಟಿದ್ದವು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಬೇರೆಯವರ ಮನೆಯಲ್ಲಿ ಗಿಡ ಕಾಯಿ ಬಿಟ್ಟರೆ ಅಕ್ಕಪಕ್ಕದವರಿಗೆ ಹಂಚುತ್ತಾರೆ. ಅವಳ ಗಿಡಗಳಿಗೆ ಮಾತ್ರ ಕಾಯಿ ಬಿಡದೇ ಇರುವುದೇ ಕೆಲಸ. ಗೇಣುದ್ದದ ಕಳೆಗಿಡ ಅದು. ಅದರ ಒಂದು ಜೀನನ್ನು ಅವಳು ಕತ್ತರಿಸಿ ಹಾಕಿದ್ದಳು. ಆಮೇಲೆ ಹೂವೇನೋ ಅರಳುತ್ತಿತ್ತು, ಆದರೆ ಪರಾಗದ ಚೀಲಗಳು ಬೀಗ ಹಾಕಿದಂತೆ ಮುಚ್ಚಿಕೊಂಡೇ ಇರುತ್ತಿದ್ದವು. ಜಾಸ್ಮೋನೇಟ್ ಎಂಬ ಹಾರ್ಮೋನನ್ನು ಸಿಂಪಡಿಸಿದರೆ ಬೀಗ ತೆರೆದು, ಪರಾಗ ಉದುರಿ, ಕಾಯಿ ಕಟ್ಟುತ್ತಿತ್ತು. ಆ ಹಾರ್ಮೋನು ತಯಾರಾಗುವುದಕ್ಕೆ ತಾನು ಕತ್ತರಿಸಿದ ಜೀನೇ ಬೇಕು ಎಂಬುದು ಅವಳ ವಾದ. ಅದಕ್ಕೇ ಎರಡು ಕೋಣೆ. ಒಂದನೆಯದರಲ್ಲಿ ಹಾರ್ಮೋನು, ಎರಡನೆಯದರಲ್ಲಿ ಬರೀ ನೀರು. ಈಗ ಬರೀ ನೀರು ಕುಡಿದವೂ ಕಾಯಿ ಬಿಟ್ಟಿದ್ದವು.

ಅಂದು ಮಧ್ಯಾಹ್ನ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಎರಡೂ ಕೋಣೆ ನೋಡಿ ತಲೆಯಾಡಿಸಿದರೆ ಅವಳಿಗೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ತಿಂಗಳ ಕೊನೆಗೆ ಕೆಲಸವೂ ಹೋಯಿತು, ಅದರ ಜೊತೆ ಕ್ಯಾಂಪಸ್ಸಿನ ಮನೆಯೂ ಹೋಯಿತು. ನನ್ನ ಷಡ್ಡಕ ಆಗಲೇ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದ್ದ. ತಂಗಿಯ ಸಂಸಾರಕ್ಕೆಂದು ನನ್ನ ಹೆಂಡತಿ ನಮ್ಮ ಮನೆಯ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿದ್ದಳು. ಖಾಲಿ ಮಾಡಿಸಿದ್ದು ನನ್ನನ್ನೇ.

ನಾನೂ ಅದೇ ಪ್ರಯೋಗಾಲಯದವನು. ಡಾಕ್ಟರೇಟ್ ಪಡೆದ ಮೇಲೂ ಕೆಲಸ ಸಿಗದವರು ಮಾಡುವ ಕೆಲಸಕ್ಕೆ ಡಾಕ್ಟರೇಟ್ ನಂತರದ ಸಂಶೋಧನೆ ಎಂದು ಹೆಸರು. ಕೂದಲು ಉದುರುವಷ್ಟು ಕಾಲ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಗಿಡಗಳ ಎರಡನೇ ಕೋಣೆಯ ದೀಪಗಳು ಎಂಥವೆಂದರೆ, ಅವುಗಳ ಕೆಳಗೆ ಸ್ವಲ್ಪ ಹೊತ್ತು ನಿಂತರೆ ನನ್ನ ಬೋಳುತಲೆಯೂ ಚಿಗುರುವ ಲಕ್ಷಣ ತೋರಿಸುತ್ತದೆ. ಅಂದು ನಾನು ಆ ದೀಪಗಳ ಕೆಳಗೆ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವಳ ಕೈಯಲ್ಲಿ ಚಿಮಟವಿತ್ತು.

ಬಾಗಿಲ ಪಕ್ಕದ ಒಂದೇ ಒಂದು ತಟ್ಟೆಯ ಗಿಡಗಳಲ್ಲಿ ಕಾಯಿಗಳಿದ್ದವು. ಹೊಲಿಗೆ ಸೂಜಿಯಷ್ಟು ಸಣ್ಣವು, ನೆಟ್ಟಗೆ ನಿಂತಿದ್ದವು. ಕಿತ್ತು ಹಾಕಿದರೆ ದೇವರಿಗೂ ತಿಳಿಯುತ್ತಿರಲಿಲ್ಲ. ಅವಳು ಆಗಲೇ ಒಂದನ್ನು ಕಿತ್ತಾಗಿತ್ತು. ಚಿಮಟವನ್ನು ಎರಡನೆಯದರ ಹತ್ತಿರ ಒಯ್ದಿದ್ದಳು.

ನೀನು ಮುಖ ತೊಳೆದುಕೊಂಡು ಬಾ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ಮನೆಯ ಮುಂದಿನ ಕೋಣೆ ನನಗೇ ಉಳಿಯಲೆಂಬ ಆಸೆ ನನ್ನನ್ನು ಅಷ್ಟು ಉದಾರಿಯನ್ನಾಗಿ ಮಾಡಿತ್ತು.

ಅವಳು ತಿರುಗಲಿಲ್ಲ. "ಕಿತ್ರೆ ಅವ್ರಿಗೆ ಗೊತ್ತಾಗಲ್ಲ, ಸರಿ. ಆದ್ರೆ ಭಾವ, ಇದ್ಯಾಕೆ ಬಂತು ಅಂತ ನಂಗೂ ಯಾವತ್ತೂ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಏನಾಗತ್ತೆ? ನಿಮ್ಮಕ್ಕ ನನ್ನ ಯಾಕೆ ಮದ್ವೆ ಆದ್ಲು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬಾಳ್ತಾ ಇಲ್ವಾ?"

ಅವಳು ಚಿಮಟವನ್ನು ಜೇಬಿಗೆ ಹಾಕಲೆಂದು ತಡಕಾಡಿದಳು. ಮೈಮೇಲೆ ಕೋಟಿರಲಿಲ್ಲ. ಅದು ನೇತಾಡುತ್ತಿದ್ದ ಬಾಗಿಲ ಪಕ್ಕದ ಮೊಳೆಯತ್ತ ನೋಡಿದವಳು ಹಾಗೆಯೇ ನಿಂತುಬಿಟ್ಟಳು.

ಒಂದನೇ ಕೋಣೆಯ ಮೊಳೆಯನ್ನು ನಮ್ಮ ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ತಮ್ಮ ಸನ್ಮಾನದ ಫೋಟೊ ತೂಗುಹಾಕಲು ಕೀಳಿಸಿಕೊಂಡು ಹೋಗಿದ್ದರು. ಅಂದಿನಿಂದ ಅವಳು ಒಂದನೇ ಕೋಣೆಯಲ್ಲಿ ಹಾರ್ಮೋನು ಸಿಂಪಡಿಸಿ, ಕೈಗವಸು ಬದಲಿಸಿ, ಬಾಟಲಿ ಬೇರೆ ಮಾಡಿ, ಇಷ್ಟೆಲ್ಲ ಮಡಿ ಮಾಡಿದ ಮೇಲೆ ಅದೇ ಕೋಟನ್ನು ತಂದು ಎರಡನೇ ಕೋಣೆಯ ಮೊಳೆಗೆ ನೇತುಹಾಕಿ ಮನೆಗೆ ಹೋಗುತ್ತಿದ್ದಳು. ಜಾಸ್ಮೋನೇಟ್ ಎಂಬುದು ಮಲ್ಲಿಗೆಯ ಎಣ್ಣೆಯಲ್ಲೂ ಇರುವ ವಸ್ತು. ಒಂದು ಕಡೆ ಕೂರುವ ಜಾಯಮಾನದ್ದಲ್ಲ, ಆವಿಯಾಗಿ ಹಾರುತ್ತದೆ. ಕೋಟಿನ ತೋಳಿನ ಕೆಳಗೇ ಆ ತಟ್ಟೆಯಿತ್ತು.

"ಕೋಟು," ಎಂದಳು ಮೆಲ್ಲಗೆ.

"ಇರಬಹುದು ಅನ್ಕೊಳ್ಳೋಣ. ಸಮಿತಿಯವ್ರು ನಂಬ್ತಾರಾ?"

"ನಾನಾಗಿದ್ರೆ ನಂಬ್ತಿರ್ಲಿಲ್ಲ."

ಅಷ್ಟರಲ್ಲಿ ಹೊರಗೆ ಮೇಷ್ಟ್ರ ಬೂಟಿನ ಸದ್ದು ಕೇಳಿಸಿತು. ನಮ್ಮ ಮೇಷ್ಟ್ರು ಸಿಟ್ಟು ಬಂದರೆ ಕೂಗುವುದಿಲ್ಲ, ಸುಮ್ಮನಾಗುತ್ತಾರೆ. ಅವರು ಸುಮ್ಮನಾದಾಗ ಮೇಜಿನ ಮೇಲಿನ ದ್ರಾವಣಗಳು ಹೆಪ್ಪುಗಟ್ಟಿದ್ದುಂಟು. ನಾನೇ ಬಿಸಿನೀರಿನಲ್ಲಿಟ್ಟು ಕರಗಿಸಿದ್ದೇನೆ. ಅವರ ಹಿಂದೆ ಸಮಿತಿಯ ಪರವಾಗಿ ಒಬ್ಬ ಹಿರಿಯ ಹೆಂಗಸು ಬಂದರು. ಕುತ್ತಿಗೆಯಲ್ಲೊಂದು, ಹಣೆಯ ಮೇಲೊಂದು, ಮೂಗಿನ ಮೇಲೊಂದು ಕನ್ನಡಕ. ಮೇಷ್ಟ್ರು ಒಂದನೇ ಕೋಣೆಯಿಂದಲೇ ವರ್ಣಿಸಿಕೊಂಡು ಬಂದವರು, ಇಲ್ಲಿ ಒಂದೇ ಒಂದು ಕಾಯಿಯೂ ಇಲ್ಲವೆಂದು ಹೆಮ್ಮೆಯಿಂದ ಬಾಗಿಲು ದೂಡಿದರು. ಬಾಗಿಲು ನನ್ನ ಬೆನ್ನಿಗೆ ಬಡಿಯಿತು.

ಕನ್ನಡಕದಮ್ಮ ದೂರದ ತಟ್ಟೆಗಳಿಂದ ಶುರುಮಾಡಿ ಒಂದೊಂದಾಗಿ ನೋಡುತ್ತ ಬಂದರು. ಬಾಗಿಲ ಪಕ್ಕದ ತಟ್ಟೆಗೆ ಬರುವ ಮೊದಲೇ ನನ್ನ ನಾದಿನಿ ಅದನ್ನು ಎತ್ತಿ ಅವರ ಮುಂದಿಟ್ಟಳು. ಆಮೇಲೆ ಮುಷ್ಟಿ ಬಿಚ್ಚಿ, ಕಿತ್ತಿದ್ದ ಆ ಒಂದು ಕಾಯಿಯನ್ನೂ ಪಕ್ಕದಲ್ಲಿಟ್ಟಳು.

"ಇದನ್ನ ಈಗಷ್ಟೇ ನಾನೇ ಕಿತ್ತೆ, ಮೇಡಂ. ಮುಚ್ಚಿಡೋಣ ಅಂತ."

ಮೇಷ್ಟ್ರು ಸುಮ್ಮನಾದರು. ಗಿಡಗಳಿಗೆ ಶೀತವಾದೀತೆಂದು ನಾನು ಹೀಟರಿನತ್ತ ನೋಡಿದೆ.

ಅವಳು ಕೋಟಿನ ವಿಷಯವನ್ನು ಬಿಡಿಸಿ ಹೇಳಿದಳು. ಕನ್ನಡಕದಮ್ಮ ಕೋಟಿನ ತೋಳನ್ನು ಮೂಸಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ.

"ಕಥೆ ಚೆನ್ನಾಗಿದೆ," ಎಂದರು. "ಹೋಗಿ ಎಂದಿನ ಹಾಗೆ ಸಿಂಪಡಿಸಿ ಬನ್ನಿ. ಕೋಟು ಅಲ್ಲಿ, ಆ ಮೂಲೇಲಿ ನೇತುಹಾಕಿ. ಇನ್ನೊಂದು ಮೂಲೆಗೆ ಒಗೆದಿರೋ ಕೋಟು. ಬೀಗದ ಕೈ ನನ್ನ ಹತ್ರ ಇರ್ಲಿ. ನಾನು ಹೇಗೂ ಈ ವಾರವೆಲ್ಲ ಇಲ್ಲೇ ಇರ್ತೀನಿ."

"ಆ ಮೂಲೇಲಿ ಕಾಯಿ ಬರ್ದಿದ್ರೆ?" ಎಂದು ಕೇಳಿದವರು ಮೇಷ್ಟ್ರು.

"ಬರ್ದಿದ್ರೆ ಈ ಹುಡುಗಿ ಸುಳ್ಳೂ ಹೇಳಿ, ತಪ್ಪೂ ಮಾಡಿದ ಹಾಗಾಯ್ತು."

ಒಗೆದ ಕೋಟಿಗಾಗಿ ಇಡೀ ಕಟ್ಟಡ ಹುಡುಕಿದರೂ ಸಿಗಲಿಲ್ಲ. ಕೊನೆಗೆ ನನ್ನದನ್ನೇ ಒಗೆಯಬೇಕಾಯಿತು. ಒಗೆದ ಮೇಲೆ ಅದು ಬಿಳಿಯ ಕೋಟೆಂದು ತಿಳಿಯಿತು.

ಆ ವಾರ ಅವಳ ಮನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟಲೂ ಇಲ್ಲ, ಬಿಚ್ಚಲೂ ಇಲ್ಲ. ಹೊರಗೆ ಉಳಿದಿದ್ದ ಒಂದೇ ಬಾಣಲೆಯಲ್ಲಿ ಷಡ್ಡಕ ಎಲ್ಲವನ್ನೂ ಬೇಯಿಸುತ್ತಿದ್ದ. ಅವಳು ದಿನವೂ ಬೀಗ ಹಾಕಿದ ಕೋಣೆಯ ಮುಂದೆ ಬೆಂಚಿನ ಮೇಲೆ ಮಗುವನ್ನು ಆಡಿಸುತ್ತ ಕೂರುತ್ತಿದ್ದಳು. ಒಳಗೆ ಹೋಗುವಂತಿಲ್ಲ, ದೂರ ಇರಲಾರಳು. ಒಂದೇ ಸಲದ ಕೋಟಿಗೆ ಅಷ್ಟು ಶಕ್ತಿ ಇರುತ್ತದೋ ಇಲ್ಲವೋ ಎಂಬುದೊಂದೇ ಅವಳ ಕೊರಗು. ಅಕ್ಕ ಫೋನು ಮಾಡಿದರೆ ಗಿಡದ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದಳು.

ಕೊನೆಗೂ ಕನ್ನಡಕದಮ್ಮ ಮೇಷ್ಟ್ರೊಂದಿಗೆ ಬಂದು ಬೀಗ ತೆಗೆದರು. ಮೊದಲು ನನ್ನ ಕೋಟಿನ ಮೂಲೆಗೆ ಹೋದರು. ಹೂವುಗಳಿದ್ದವು, ಕಾಯಿಗಳಿರಲಿಲ್ಲ. ಆಮೇಲೆ ಎದುರಿನ ಮೂಲೆಗೆ ಹೋಗಿ ಬಗ್ಗಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ಹಣೆಯ ಮೇಲಿನದನ್ನು ಇಳಿಸಿದರು. ನನ್ನ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಮಗು ಅವಳ ಕಿವಿ ಎಳೆಯುತ್ತಿದ್ದರೂ ಅವಳಿಗೆ ಪರಿವೆಯಿರಲಿಲ್ಲ.

"ಬನ್ನಿ ಇಲ್ಲಿ, ನಿಮ್ಮ ಕಣ್ಣು ಇನ್ನೂ ಚುರುಕು," ಎಂದು ಕರೆದರು ಅವರು. "ಇದು ಕಾಯಿ ತಾನೇ?"

ಅವಳು ಬಗ್ಗಿ ನೋಡಿದಳು. ಕೋಟಿನ ಕೆಳಗಿನ ಗಿಡಗಳಲ್ಲಿ ಹಸಿರು ದಾರದ ತುಂಡುಗಳಂಥವು ನಿಂತಿದ್ದವು. ಪಕ್ಕದ ತಟ್ಟೆಯಲ್ಲಿ ಕಡಿಮೆ, ಅದರಾಚೆ ಒಂದೂ ಇಲ್ಲ. ಅವಳು ಮಗುವನ್ನು ನನ್ನ ಕೈಗಿಟ್ಟು, ನೆಲದ ಮೇಲೆ ಕುಳಿತುಬಿಟ್ಟಳು.

ಇನ್ನೆರಡು ವರ್ಷ ಕೊಡುತ್ತೇವೆ, ಆದರೆ ಎರಡನೇ ಕೋಣೆಯ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕು ಎಂದು ಕನ್ನಡಕದಮ್ಮ ಅಲ್ಲಿಯೇ ಹೇಳಿದರು.

"ತಪ್ಪು ಮಾಡಿದ್ದಕ್ಕೇ ಎರಡು ವರ್ಷ," ಎಂದರು ಮೇಷ್ಟ್ರು, ನನ್ನ ಕಡೆ ತಿರುಗಿ. "ನೀವು ಇಷ್ಟು ಕಾಲ ಸರಿಯಾಗಿ ಮಾಡಿ ಏನು ಕಂಡ್ರಿ?"

ನಾನು ಏನಾದರೂ ಹೇಳುವಷ್ಟರಲ್ಲಿ ಮಗು ಕೈಚಾಚಿ ಹತ್ತಿರದ ಗಿಡವೊಂದನ್ನು ಬೇರುಸಹಿತ ಕಿತ್ತು ಬಾಯಿಗೆ ಹಾಕಿಕೊಂಡಿತು. ನನ್ನ ನಾದಿನಿ ನೆಲದಿಂದ ಎದ್ದ ವೇಗವನ್ನು ನಾನು ಬಣ್ಣಿಸಿದರೆ ನೀವು ನಂಬುವುದಿಲ್ಲ. ಅವಳು ಮೊದಲು ಬಿಡಿಸಿಕೊಂಡದ್ದು ಕಾಯಿಯನ್ನು, ಮಗುವನ್ನು ಆಮೇಲೆ.